ಹೊಳೆಗೆ ಸುರಿದರೂ

ಡೆಲ್ಲಾ ಪ್ರುವಿಟ್, ನಿಜ ಹೇಳಿಬಿಡುತ್ತೇನೆ:
ನಿನ್ನನ್ನು ನಾನು ಸೇರಿಸಿಕೊಂಡದ್ದು ದುಡ್ಡಿಗಾಗಿ.

ಡಿಗ್ರಿ ಓದುವ ಒಬ್ಬರನ್ನು ಜೊತೆಗಿಟ್ಟುಕೊಂಡರೆ
ಅಧ್ಯಾಪಕರ ಖಾತೆಗೆ ಸಾವಿರದೈನೂರು ಡಾಲರು,
ಇನ್ನೂ ಎರಡನೇ ವರ್ಷದವರಾದರೆ ಮೇಲೆ ಇನ್ನೂರು,
ಹೀಗೊಂದು ಸುತ್ತೋಲೆ ಬಂತು ಆ ಮಾರ್ಚಿನಲ್ಲಿ,
ಮರಿಯೆಟ್ಟಾದ ಬೀದಿಯ ಹಿಮ ಕೆಸರಾಗುತ್ತಿದ್ದಾಗ.
ನನ್ನ ಸೂಕ್ಷ್ಮದರ್ಶಕದ ದೀಪ ಸತ್ತು ಏಳು ತಿಂಗಳು.
ಹಿಂದಿನ ಬೆಂಚಿನಲ್ಲಿ ನೀನು ತೂಕಡಿಸುತ್ತಿದ್ದೆ.
ರಾತ್ರಿಯೆಲ್ಲ ಪೆಟ್ರೋಲ್ ಬಂಕಿನ ಗಲ್ಲಾದಲ್ಲಿ ಇರುತ್ತೀಯೆಂದು
ಆಮೇಲೆ ತಿಳಿದದ್ದು.
ಹೆಸರು ನೆನಪಿತ್ತು, ಬರೆದೆ.

ಆ ಬೇಸಿಗೆ ಮಸ್ಕಿಂಗಮ್ ಹೊಳೆಯಲ್ಲಿ ಮೊಣಕಾಲುದ್ದ ನೀರು.
ನನ್ನ ಬೂಟು ನಿನಗೆ ಎರಡು ಅಳತೆ ದೊಡ್ಡದು.
ತುದಿಗೆ ಕಾಲುಚೀಲ ತುರುಕಿಕೊಂಡು
ಬಾತುಕೋಳಿಯಂತೆ ಇಳಿದೆ ನೀನು. ನಾನು ನಕ್ಕೆ,
ನೀನು ನಗಲಿಲ್ಲ.
ಕಪ್ಪೆಚಿಪ್ಪು ಎತ್ತು, ಉದ್ದ ಅಳೆ, ಉಂಗುರ ಎಣಿಸು,
ಬೆನ್ನಿಗೆ ಸಂಖ್ಯೆ ಅಂಟಿಸು,
ಎತ್ತಿದಲ್ಲೇ ಇಡು, ಹೇಗಿತ್ತೋ ಹಾಗೆ.
ಇಷ್ಟಕ್ಕೆ ಸಂಶೋಧನೆ ಎಂದು ಹೆಸರು.
ಇದನ್ನೆಲ್ಲ ಓದುವವರು ಯಾರು, ಕೇಳಿದೆ ನೀನು.
ಹನ್ನೊಂದು ಜನ, ಅದರಲ್ಲಿ ಇಬ್ಬರಿಗೆ ನಾನು ಆಗುವುದಿಲ್ಲ,
ಅಂದೆ ನಾನು.

ತಾಯಿಚಿಪ್ಪಿನ ಉಪಾಯ ನೋಡಿದ ದಿನ ನೆನಪಿದೆಯೆ?
ತನ್ನದೇ ಮಾಂಸದ ಅಂಚನ್ನು ಮೀನಮರಿಯಂತೆ ಆಡಿಸುತ್ತದೆ,
ಕಣ್ಣಿನ ಚುಕ್ಕೆ ಸಮೇತ, ಬಾಲದ ನಡುಕ ಸಮೇತ.
ಹಸಿದ ಮೀನು ಬಾಯಿ ಹಾಕಿದರೆ
ಸಿಗುವುದು ಬಾಯಿತುಂಬ ಮರಿಗಳ ಧೂಳು.
ಕಿವಿರು ಕಚ್ಚಿ ಕೂತ ಅವಕ್ಕೆ
ವಾರಗಟ್ಟಲೆ ಬಿಟ್ಟಿ ಸವಾರಿ, ಹೊಳೆಯ ಮೇಲಕ್ಕೆ.
ಮೀನಿಗೇನು ಲಾಭ, ಅಂತ ನೀನು.
ನಾನು ಸುತ್ತೋಲೆ ನೆನೆದು ಸುಮ್ಮನಾದೆ.

ಜುಲೈ ಕೊನೆಗೆ ಇನ್ನೂರಹದಿನೇಳನೇ ಚಿಪ್ಪು ಹಿಡಿದು ಬಂದೆ.
ನನ್ನ ಹಳೆ ಪುಸ್ತಕದ ಲೆಕ್ಕದಲ್ಲಿ ಅದಕ್ಕೀಗ ಮೂವತ್ತೊಂದು,
ನಿನ್ನ ಎಣಿಕೆಯಲ್ಲಿ ಮೂವತ್ತು.
ಮತ್ತೆ ಎಣಿಸು ಎಂದೆ. ನಾಲ್ಕು ಸಲ ಎಣಿಸಿ
ಉಗುರಿನಿಂದ ಒಂದು ತೆಳು ಗೆರೆ ಮುಟ್ಟಿ ತೋರಿಸಿದೆ:
"ಇದು ವರ್ಷದ್ದಲ್ಲ.
ಯಾರೋ ಎತ್ತಿ ಅಳೆಯುವಾಗ
ಹೆದರಿ ಬಾಯಿ ಮುಚ್ಚಿಕೊಂಡದ್ದು."

ಯಾರೋ.
ಒಂಬತ್ತು ಬೇಸಿಗೆಯ ಹಿಂದೆ, ಈ ಕೈ.
ನನ್ನ ಎರಡು ಪ್ರಬಂಧಗಳಿಗೆ
ಆ ಸಂಜೆ ಒಂದೊಂದು ವರ್ಷ ಪ್ರಾಯ ಇಳಿಯಿತು.
ಹೊಸ ದೀಪದ ಬೆಳಕು ಬಹಳ ಚೆನ್ನಾಗಿತ್ತು,
ತಪ್ಪಿಸಿಕೊಳ್ಳಲು ಎಲ್ಲೂ ಜಾಗವಿರಲಿಲ್ಲ.

ಹೊಳೆಗೆ ಸುರಿದರೂ ಅಳೆದು ಸುರಿ.
ಲೆಕ್ಕದ ಕಚೇರಿಯ ಮಾರ್ವಿನ್ ಸ್ಟಾಲ್ಟರನಿಗೆ ನಮ್ಮ ಗಾದೆ ಗೊತ್ತಿಲ್ಲ,
ಅದರಂತೆಯೇ ಬದುಕುತ್ತಾನೆ, ಅಷ್ಟೆ.
ದೀಪಕ್ಕೆ ಇಷ್ಟು, ಅಂಟಿಗೆ ಇಷ್ಟು, ನಿನಗೆ ಗಂಟೆಗೆ ಹತ್ತೂಕಾಲು.
(ಬಂಕಿನಲ್ಲಿ ಹನ್ನೆರಡು ಕೊಡುತ್ತಾರೆಂದು
ನೀನು ಒಮ್ಮೆಯೂ ಬಾಯಿ ಬಿಡಲಿಲ್ಲ.)
ಉಳಿದದ್ದು ಎಂಬತ್ತಾರು ಡಾಲರು,
ಆಗಸ್ಟ್ ಮುಗಿಯುವುದರೊಳಗೆ ಮುಗಿಸದಿದ್ದರೆ ವಾಪಸು.
ವಿದ್ಯಾರ್ಥಿಗೆ ಆದ ಪ್ರಯೋಜನ: ನೂರೈವತ್ತು ಪದ ಮೀರದಂತೆ.
ನಾನು ನಲವತ್ತು ಬರೆದೆ,
ಒಂದೂ ಸುಳ್ಳಲ್ಲ, ಒಂದೂ ಸಾಲದು.
ಎಂಬತ್ತಾರಕ್ಕೆ ಬೂಟು ತಂದೆ, ನಿನ್ನ ಅಳತೆಯದು.
ವಿಶ್ವವಿದ್ಯಾಲಯದ ಸ್ವತ್ತು, ಚೀಟಿ ಇರಲೇಬೇಕಂತೆ.
ಚಿಪ್ಪಿನ ಅಂಟಿನಲ್ಲೇ ನೀನು ಸಂಖ್ಯೆ ಅಂಟಿಸಿದೆ,
ಆಗ ನಕ್ಕೆ.

ಈ ಮಾರ್ಚಿನಲ್ಲಿ ಸುತ್ತೋಲೆ ಬರಲಿಲ್ಲ. ಬಜೆಟ್ಟು.
ಬೂಟು ಬಾಗಿಲ ಹಿಂದೆ ನಿಂತಿದೆ,
ಹಿಮ್ಮಡಿಯಲ್ಲಿ ಒಣಗಿದ ಹೊಳೆ.
ನಿನ್ನೆ ರಾತ್ರಿ ಕಾರಿಗೆ ಪೆಟ್ರೋಲ್ ಹಾಕಿಸಲು ಬಂದಿದ್ದೆ.
ಇನ್ನೂರಹದಿನೇಳು ಹೇಗಿದೆ, ಎಂದು ಕೇಳಿದೆ ನೀನು.
ನೀರು ಇಳಿಯಲಿ, ನೋಡಬೇಕು, ಎಂದೆ ನಾನು.
ಹಿಂದೆ ಇನ್ನಿಬ್ಬರು ಕಾಯುತ್ತಿದ್ದರು.
ನೀನು ಚಿಲ್ಲರೆ ಎಣಿಸಿ ಅಂಗೈಗೆ ಹಾಕಿದೆ.
ನಾನು ಎಣಿಸಲಿಲ್ಲ.